ಊರ ಶಾಲೆ, ಪಕ್ಕದ ಕಾಲೇಜು, ವೈಂಡಿಂಗ್ ಅಂಗಡಿ: ಎಲ್ಲರೂ ಸೇರಿ ವಿಜ್ಞಾನ ಕೂಟ ಕಟ್ಟುವುದು ಹೇಗೆ?

ಜೂನ್ ಬಂತೆಂದರೆ ಇದೇ ಪ್ರಶ್ನೆ. "ನಮ್ಮೂರ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಹತ್ತನೇ ತರಗತಿ ಆದಮೇಲೆ ಸೈನ್ಸ್ ತಗೊಳ್ಳಲ್ಲ. ಏನಾದರೂ ಮಾಡಬೇಕು. ಎಲ್ಲಿಂದ ಶುರು ಮಾಡಲಿ, ಯಾರನ್ನ ಕೇಳಲಿ?" ಹೀಗೆ ಕೇಳುವವರು ಹೈಸ್ಕೂಲ್ ಶಿಕ್ಷಕರು, ಎಂಜಿನಿಯರಿಂಗ್ ಓದುತ್ತಿರುವವರು, ಬೆಂಗಳೂರಲ್ಲಿ ಕೆಲಸಕ್ಕಿದ್ದು ಊರಿನ ಶಾಲೆಗೆ ಏನಾದರೂ ಮಾಡಬೇಕು ಅಂದುಕೊಂಡವರು. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಬರೆದಿದ್ದೇನೆ.

ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಸೈನ್ಸ್‌ಗೆ ಏನೂ ಇಲ್ಲ ಅನ್ನುವ ಮಾತು ಸುಳ್ಳು. ಶಕ್ತಿನಗರದಲ್ಲಿ 1985ರಿಂದ ಕರೆಂಟ್ ತಯಾರಾಗುತ್ತಿದೆ. ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ರಾಯಚೂರಿನಲ್ಲಿ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ, 2019ರಲ್ಲಿ ಶುರುವಾದ ಐಐಐಟಿ (ಮಾಹಿತಿ ತಂತ್ರಜ್ಞಾನ ಸಂಸ್ಥೆ) ಇದೆ. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ, ಮುನಿರಾಬಾದಿನಲ್ಲಿ ತುಂಗಭದ್ರಾ ಅಣೆಕಟ್ಟು. ಆದರೆ ಇವುಗಳ ಸುತ್ತಲಿನ ಎಷ್ಟೋ ಮಕ್ಕಳಿಗೆ ಗೇಟಿನ ಒಳಗೆ ಏನು ನಡೆಯುತ್ತದೆ ಅನ್ನುವುದು ಗೊತ್ತಿಲ್ಲ. ಒಳಗಿರುವವರಿಗೂ ಈ ಮಕ್ಕಳು ಗೊತ್ತಿಲ್ಲ. ಕಾಲೇಜಿನವರು ಒಂದು ದಿನ ಬಂದು ಪ್ರೊಜೆಕ್ಟರ್ ಹಾಕಿ ಹೋಗುತ್ತಾರೆ, ಕಂಪನಿಯವರು ಇನ್ನೊಂದು ದಿನ ಕಿಟ್ ಕೊಟ್ಟು ಫೋಟೊ ತೆಗೆಸಿಕೊಂಡು ಹೋಗುತ್ತಾರೆ, ಕಿಟ್ ಬೀರುವಿನಲ್ಲಿ ಉಳಿಯುತ್ತದೆ. ಇವರೆಲ್ಲ ಒಂದೇ ಗುಂಪಾಗಿ, ಅದೇ ಇಪ್ಪತ್ತು ಇಪ್ಪತ್ತೈದು ಮಕ್ಕಳ ಜೊತೆ ವರ್ಷಪೂರ್ತಿ ಕೂತು ಕೆಲಸ ಮಾಡಬೇಕು. ಅದಕ್ಕೆ ಏನು ಬೇಕು, ಒಂದೊಂದಾಗಿ ನೋಡೋಣ.

ಶುರು ಮಾಡುವ ಮುಂಚೆ ಬೇಕಾಗಿರುವುದು

ಒಂದು ಕೋಣೆ, ಶಾಲೆಯದ್ದಾದರೂ ಸರಿ, ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದರೂ ಸರಿ (ಈಗ ಅದನ್ನು ಅರಿವು ಕೇಂದ್ರ ಅನ್ನುತ್ತಾರೆ, ಹಲವು ಕಡೆ ಕಂಪ್ಯೂಟರ್ ಕೂಡ ಇದೆ). ತಿಂಗಳಿಗೆ ಎರಡು ಶನಿವಾರ. ಮನಸ್ಸಿರುವ ಒಬ್ಬ ಶಿಕ್ಷಕಿ ಅಥವಾ ಶಿಕ್ಷಕ. ಒಂದು ದಪ್ಪ ನೋಟ್‌ಬುಕ್. ಮಿಕ್ಕಿದ್ದು ಆಮೇಲೆ. ರೋಬೋಟ್ ಕಿಟ್, ತ್ರೀಡಿ ಪ್ರಿಂಟರ್ ಇಲ್ಲದೆ ಆಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

1. ಯಾರು ಬರುತ್ತಿಲ್ಲ ಅಂತ ಮೊದಲು ಪಟ್ಟಿ ಮಾಡಿ

ಹೆಚ್ಚಿನವರು ಮೊದಲು "ಆಸಕ್ತಿ ಇರುವವರು ಕೈ ಎತ್ತಿ" ಅನ್ನುತ್ತಾರೆ. ಕೈ ಎತ್ತುವವರು ಯಾವಾಗಲೂ ಎತ್ತುವವರೇ. ಮುಂದಿನ ಬೆಂಚಿನ ನಾಲ್ಕು ಹುಡುಗರು, ಶಿಕ್ಷಕರ ಮಗಳು, ಇಷ್ಟೇ. ಕೂಟ ಇವರಿಗೇ ಆಗಿಹೋದರೆ ನೀವು ಮಾಡಿದ್ದು ಇನ್ನೊಂದು ಟ್ಯೂಶನ್.

ಹಾಗಾಗಿ 8ನೇ ತರಗತಿಯ ಹಾಜರಿ ಪುಸ್ತಕ ತೆಗೆದುಕೊಂಡು ಶಿಕ್ಷಕರ ಜೊತೆ ಕೂತುಕೊಳ್ಳಿ. ಒಂದೊಂದೇ ಹೆಸರು ಓದುತ್ತಾ ಕೇಳಿ. ಈ ಹುಡುಗಿ ನವೆಂಬರಿನಿಂದ ಜನವರಿವರೆಗೆ ಯಾಕೆ ಇರಲಿಲ್ಲ? ಹತ್ತಿ ಬಿಡಿಸಲು, ಮೆಣಸಿನಕಾಯಿ ಬಿಡಿಸಲು ಹೋಗಿರುತ್ತಾಳೆ. ಈ ಹುಡುಗ ಎಲ್ಲಿ? ಅಪ್ಪ ಅಮ್ಮನ ಜೊತೆ ಗುಳೆ ಹೋಗಿದ್ದಾನೆ. ತಾಂಡಾದಿಂದ ಬರುವ ಮಕ್ಕಳು ಸಂಜೆ ಯಾಕೆ ನಿಲ್ಲಲ್ಲ? ಐದು ಗಂಟೆ ಬಸ್ ತಪ್ಪಿದರೆ ಮತ್ತೆ ಬಸ್ ಇಲ್ಲ. ಕಿವಿ ಸರಿಯಾಗಿ ಕೇಳದ, ಕಣ್ಣು ಮಂದ ಇರುವ, ನಡೆಯಲು ಕಷ್ಟ ಇರುವ ಮಕ್ಕಳು ಯಾರು? ದೇವದಾಸಿ ಪದ್ಧತಿಯಿಂದ ಹೊರಬಂದ ತಾಯಂದಿರ ಮಕ್ಕಳು ಇದ್ದರೆ ಅವರನ್ನೂ ಮರೆಯಬೇಡಿ, ಆದರೆ ಆ ವಿವರ ಪಟ್ಟಿಯಲ್ಲಿ ಬರೆಯಬೇಡಿ, ಬಾಯಿಬಿಟ್ಟು ಯಾರಿಗೂ ಹೇಳಲೂ ಬೇಡಿ.

ಈ ಪಟ್ಟಿಯಿಂದಲೇ ಕೂಟದ ವೇಳೆ ಗೊತ್ತಾಗುತ್ತದೆ. ಸಂಜೆ ಬಸ್ ಸಮಸ್ಯೆ ಇದ್ದರೆ ಶನಿವಾರ ಶಾಲೆ ಬಿಟ್ಟ ತಕ್ಷಣ ಇಡಿ. ಸುಗ್ಗಿಯ ಮೂರು ತಿಂಗಳು ಭಾನುವಾರ ಬೆಳಿಗ್ಗೆ ಬೇಗ, ಅಥವಾ ಆ ತಿಂಗಳುಗಳಲ್ಲಿ ಮನೆಯಲ್ಲೇ ಮಾಡುವ ಕೆಲಸ ಕೊಡಿ. ಏಪ್ರಿಲ್ ಮೇನಲ್ಲಿ ನಮ್ಮ ಬಿಸಿಲಿಗೆ ಏನೂ ಇಡಬೇಡಿ.

ಹೆಣ್ಣುಮಕ್ಕಳಿಗೆ ಅರ್ಧದಷ್ಟಾದರೂ ಜಾಗ ಮೊದಲೇ ತೆಗೆದಿಡಿ. ಅವರು ತಾವಾಗಿ ಬಂದಾಗ ನೋಡೋಣ ಅಂತ ಕಾದರೆ ಬರಲ್ಲ. ಮನೆಗೆ ಹೋಗಿ ತಾಯಿಯ ಹತ್ತಿರ ಮಾತಾಡಿ. "ಮಗಳು ಎಷ್ಟೊತ್ತಿಗೆ ಮನೆ ಸೇರ್ತಾಳೆ, ಜೊತೆಗೆ ಯಾರಿರ್ತಾರೆ?" ಅನ್ನುವುದೇ ಅವರ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಇಟ್ಟುಕೊಂಡೇ ಹೋಗಿ. ಶಾಲೆಯ ಶೌಚಾಲಯಕ್ಕೆ ನೀರಿದೆಯಾ, ಚಿಲಕ ಇದೆಯಾ ನೋಡಿ. ಅದಿಲ್ಲದಿದ್ದರೆ ಯಾವ ಕಿಟ್ ತಂದರೂ ದೊಡ್ಡ ಹುಡುಗಿಯರು ನಿಲ್ಲುವುದಿಲ್ಲ.

2. ಜೊತೆಗಾರರನ್ನು ಹುಡುಕಿ, ಅವರಿಗೆ ಏನು ಸಿಗುತ್ತದೆ ಅನ್ನುವುದನ್ನೂ ಯೋಚಿಸಿ

ಕನಿಷ್ಠ ಮೂರು ಕಡೆಯವರು ಬೇಕು. ಶಾಲೆ, ಒಂದು ಕಾಲೇಜು, ಊರಿನಲ್ಲೇ ಕೈಕೆಲಸ ಬಲ್ಲ ಒಬ್ಬರು. ಎಲ್ಲರಿಗೂ "ಸಮಾಜ ಸೇವೆ" ಅಂತ ಹೇಳಿ ಕರೆದರೆ ಎರಡು ತಿಂಗಳು ಬರುತ್ತಾರೆ, ಅಷ್ಟೇ. ಅವರವರ ಅಗತ್ಯಕ್ಕೆ ನಿಮ್ಮ ಕೆಲಸ ಹೊಂದಿಸಿದರೆ ವರ್ಷಪೂರ್ತಿ ಬರುತ್ತಾರೆ.

ಮೊದಲು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿ ಓದುವವರು ಬಿಇ ಮುಗಿಸುವಷ್ಟರಲ್ಲಿ 100 ಆಕ್ಟಿವಿಟಿ ಪಾಯಿಂಟ್ ಗಳಿಸಬೇಕು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರಿಗೆ 75. ಆಕ್ಟಿವಿಟಿ ಪಾಯಿಂಟ್ ಅಂದರೆ ಪಾಠದ ಹೊರಗೆ, ಊರು ಸಮಾಜಕ್ಕೆ ಮಾಡಿದ ಕೆಲಸಕ್ಕೆ ಸಿಗುವ ಅಂಕ. ಎಷ್ಟೋ ಜನ ಕೊನೆಯ ಸೆಮಿಸ್ಟರಿನಲ್ಲಿ ಸುಮ್ನೆ ಕಾಗದ ಹೊಂದಿಸಲು ಓಡಾಡುತ್ತಾರೆ. ನೀವು ಎರಡನೇ ವರ್ಷದಲ್ಲೇ ಅವರನ್ನು ಹಿಡಿದು, "ಎರಡು ವರ್ಷ ನಮ್ಮ ಕೂಟಕ್ಕೆ ಬನ್ನಿ, ಹಾಜರಿ ಬರೆದು ಹೆಡ್‌ಮಾಸ್ಟರ್ ಸಹಿ ಮಾಡಿಸಿ ಕೊಡ್ತೀವಿ" ಅನ್ನಿ. ರಾಯಚೂರಿನವರು ಯರಮರಸ್‌ನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೇಳಬಹುದು, ಕೊಪ್ಪಳದವರಿಗೆ ತಳಕಲ್ ಇದೆ, ಬಳ್ಳಾರಿ ನಗರದಲ್ಲಂತೂ ಆಯ್ಕೆ ಜಾಸ್ತಿ. ಡಿಗ್ರಿ ಕಾಲೇಜಾದರೆ ಎನ್ಎಸ್ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಅಧಿಕಾರಿಯನ್ನು ಕಾಣಿ. ಎನ್ಎಸ್ಎಸ್ ಸ್ವಯಂಸೇವಕರು ಎರಡು ವರ್ಷದಲ್ಲಿ 240 ಗಂಟೆ ಕೆಲಸ ಮಾಡಬೇಕು, ಅದಕ್ಕೆ ಊರು ಬೇಕೇ ಬೇಕು. ಕಾಲೇಜುಗಳನ್ನು ಹಳ್ಳಿಗಳ ಜೊತೆ ಜೋಡಿಸುವ ಕೇಂದ್ರದ ಯೋಜನೆ ಉನ್ನತ ಭಾರತ ಅಭಿಯಾನ, ಅದಕ್ಕೆ ಸೇರಿದ ಕಾಲೇಜುಗಳು ಕನಿಷ್ಠ 5 ಹಳ್ಳಿ ದತ್ತು ತೆಗೆದುಕೊಂಡಿರುತ್ತವೆ. ನಿಮ್ಮ ಊರು ಆ ಪಟ್ಟಿಯಲ್ಲಿ ಇದೆಯಾ ವಿಚಾರಿಸಿ.

ಬರುವ ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಇರಲೇಬೇಕು ಅಂತ ಹಟ ಹಿಡಿಯಿರಿ. ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಬಿಇ ಮಾಡುತ್ತಿರುವ ಹುಡುಗಿ ಒಬ್ಬಳು ಸಿಕ್ಕರೆ ಇನ್ನೂ ಒಳ್ಳೆಯದು. ದೊಡ್ಡ ವಿಜ್ಞಾನಿಯ ಭಾಷಣಕ್ಕಿಂತ "ನಮ್ಮ ತಾಲೂಕಿನ ಅಕ್ಕ" ಹೇಳುವ ಮಾತನ್ನು ಮಕ್ಕಳು ನಂಬುತ್ತಾರೆ. ಬಸ್ ಖರ್ಚಿನ ಚಿಂತೆಯೂ ಕಡಿಮೆ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ.

ಎರಡನೆಯವರು ಕೃಷಿ ವಿಜ್ಞಾನ ಕೇಂದ್ರದವರು. ರಾಯಚೂರು, ಗಂಗಾವತಿ, ಬಳ್ಳಾರಿ ಹತ್ತಿರದ ಹಗರಿ, ಮೂರೂ ಕಡೆ ಇವೆ. ರೈತರಿಗೆ ತಿಳಿಸಿ ಹೇಳುವುದೇ ಅವರ ಕೆಲಸ, ಆ ರೈತರ ಮಕ್ಕಳು ನಿಮ್ಮ ಹತ್ತಿರ ಇದ್ದಾರೆ. ಮಣ್ಣು ನೀರಿನ ಪರೀಕ್ಷೆಗೆ ಇವರಿಲ್ಲದೆ ಆಗಲ್ಲ.

ಮೂರನೆಯವರನ್ನು ಎಲ್ಲರೂ ಮರೆಯುತ್ತಾರೆ. ಬೋರ್ ಮೋಟರ್ ವೈಂಡಿಂಗ್ ಮಾಡುವವರು, ವೆಲ್ಡಿಂಗ್ ಅಂಗಡಿಯವರು, ಮೊಬೈಲ್ ರಿಪೇರಿ ಹುಡುಗ, ಬಳ್ಳಾರಿಯಲ್ಲಾದರೆ ಜೀನ್ಸ್ ಹೊಲಿಯುವ ಕಡೆ ಮಷಿನ್ ರಿಪೇರಿ ಮಾಡುವವರು. ಸುಟ್ಟ ಸಬ್‌ಮರ್ಸಿಬಲ್ ಮೋಟರ್ ಬಿಚ್ಚಿ ತಾಮ್ರದ ತಂತಿ ಎಷ್ಟು ಸುತ್ತು ಹಾಕಬೇಕು ಅಂತ ಲೆಕ್ಕ ಇಟ್ಟು ಸುತ್ತುವವರಿಗೆ ವಿದ್ಯುತ್ಕಾಂತದ ಬಗ್ಗೆ ಕೈಗೆ ಗೊತ್ತಿರುವುದು ಪಠ್ಯಪುಸ್ತಕದಲ್ಲಿ ಇಲ್ಲ. ಕಾಲೇಜಿನ ವಿದ್ಯಾರ್ಥಿಗೆ ಸೂತ್ರ ಗೊತ್ತು, ಇವರಿಗೆ ಕೆಲಸ ಗೊತ್ತು, ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿ. ಅವರನ್ನು "ಮೇಷ್ಟ್ರು" ಅಂತಲೇ ಮಕ್ಕಳಿಗೆ ಪರಿಚಯ ಮಾಡಿಸಿ. ಅಂಗಡಿ ಮುಚ್ಚಿ ಬರುವುದಾದರೆ ಅರ್ಧ ದಿನದ ಕೂಲಿ ಕೊಡಿ. ಉಪನ್ಯಾಸಕರಿಗೆ ಗೌರವಧನ ಕೊಟ್ಟು ಇವರಿಗೆ ಬರೀ ಚಹಾ ಕೊಟ್ಟು ಕಳಿಸುವುದು ಸರಿಯಲ್ಲ.

ಊರಿನ ಸ್ವಸಹಾಯ ಸಂಘದ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳಿ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಫೀಲ್ಡ್ ಟೆಸ್ಟ್ ಕಿಟ್, ಅಂದರೆ ಊರಲ್ಲೇ ನೀರು ಪರೀಕ್ಷೆ ಮಾಡುವ ಪೆಟ್ಟಿಗೆ, ಬಳಸಲು ಕಲಿಸುವ ವ್ಯವಸ್ಥೆ ಇದೆ. ನಿಮ್ಮ ಪಂಚಾಯಿತಿಯಲ್ಲಿ ಯಾರು ಕಲಿತಿದ್ದಾರೆ ಕೇಳಿ. ತನ್ನ ತಾಯಿಯೋ ಚಿಕ್ಕಮ್ಮನೋ ಕೂಟದಲ್ಲಿ ಪರೀಕ್ಷೆ ಮಾಡಿ ತೋರಿಸಿದರೆ ಆ ಹುಡುಗಿಗೆ ಬೇರೆ ಏನೂ ಹೇಳುವುದೇ ಬೇಡ, ಅಲ್ವಾ?

3. ಕಾಗದ ಮಾಡಿಸಿ

ಇದು ಬೇಸರದ ಕೆಲಸ, ಆದರೂ ಬಿಡಬೇಡಿ. ಹೆಡ್‌ಮಾಸ್ಟರ್‌ಗೆ ಒಂದು ಪತ್ರ, ಅದರ ಪ್ರತಿ ಬಿಇಒ ಕಚೇರಿಗೆ (ತಾಲೂಕಿನ ಶಿಕ್ಷಣಾಧಿಕಾರಿ) ಮತ್ತು ಎಸ್‌ಡಿಎಂಸಿಗೆ (ಪೋಷಕರೇ ಇರುವ ಶಾಲಾ ಅಭಿವೃದ್ಧಿ ಸಮಿತಿ). ಕಾಲೇಜು ಮತ್ತು ಶಾಲೆಯ ನಡುವೆ ಒಂದು ಪುಟದ ಒಪ್ಪಂದ ಸಾಕು. ಎಂಒಯು ಅನ್ನುವುದು ಇದನ್ನೇ. ಯಾರು ಯಾವ ಶನಿವಾರ ಬರುತ್ತಾರೆ, ಸಾಮಾನು ಯಾರ ಹೆಸರಲ್ಲಿ, ಬೀಗದ ಕೈ ಯಾರ ಹತ್ತಿರ, ಒಬ್ಬರು ಬರದಿದ್ದರೆ ಬದಲಿ ಯಾರು, ಇಷ್ಟು ಬರೆದಿರಲಿ.

ಎಡವುವುದು ಇಲ್ಲೇ. ಒಪ್ಪಂದಕ್ಕೆ ಸಹಿ ಹಾಕುವ ಸಮಾರಂಭ ದೊಡ್ಡದಾಗಿ ನಡೆಯುತ್ತದೆ, ಆಮೇಲೆ ಯಾರೂ ಬರುವುದಿಲ್ಲ. ಹಾಗಾಗಿ ಮೊದಲ ನಾಲ್ಕು ಕೂಟ ಮುಗಿಸಿ ಆಮೇಲೆ ಸಹಿ ಹಾಕಿಸಿ. ಅಲ್ಲಿವರೆಗೆ ಅನುಮತಿ ಪತ್ರ ಸಾಕು.

ಮಕ್ಕಳ ಸುರಕ್ಷತೆಗೆ ಮೂರು ನಿಯಮ ಇಡಿ, ಯಾರಿಗೂ ಸಡಿಲಿಸಬೇಡಿ. ಹೊರಗಿನವರು ಇರುವಷ್ಟು ಹೊತ್ತು ಶಾಲೆಯ ಒಬ್ಬರು, ಸಾಧ್ಯವಾದರೆ ಶಿಕ್ಷಕಿ, ಕೋಣೆಯಲ್ಲೇ ಇರಬೇಕು. ಸ್ವಯಂಸೇವಕರು ಮಕ್ಕಳ ಫೋನ್ ನಂಬರ್ ಇಟ್ಟುಕೊಳ್ಳುವಂತಿಲ್ಲ, ಏನಿದ್ದರೂ ಶಿಕ್ಷಕರ ಮೂಲಕ. ಪೋಷಕರು ಬರೆದುಕೊಡದೆ ಫೋಟೊ ತೆಗೆದು ಎಲ್ಲೂ ಹಾಕುವಂತಿಲ್ಲ.

4. ಊರಿನ ಸಮಸ್ಯೆಯನ್ನೇ ತೆಗೆದುಕೊಳ್ಳಿ

ಜ್ವಾಲಾಮುಖಿ ಮಾಡೆಲ್, ಥರ್ಮಾಕೋಲ್ ಸೌರಮಂಡಲ ಬೇಡ. ಅದಕ್ಕೆ ಉತ್ತರ ಮೊದಲೇ ಗೊತ್ತಿರುತ್ತದೆ, ಚೆನ್ನಾಗಿ ಬಣ್ಣ ಹಚ್ಚುವವರು ಗೆಲ್ಲುತ್ತಾರೆ. ಊರಿನ ಪ್ರಶ್ನೆ ಹಿಡಿದರೆ ಹೊಲದಲ್ಲಿ ಕೆಲಸ ಮಾಡುವ ಮಗುವಿಗೆ ಉಳಿದವರಿಗಿಂತ ಹೆಚ್ಚು ಗೊತ್ತಿರುತ್ತದೆ. ಹಿಂದಿನ ಬೆಂಚಿನವರು ಮುಂದೆ ಬರುವುದು ಆಗ.

ನಮ್ಮ ಕಡೆ ಪ್ರಶ್ನೆಗಳಿಗೆ ಬರವಿಲ್ಲ. ಬೋರಿನ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ? ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಒಪ್ಪುತ್ತಾರೆ. ತುಂಗಭದ್ರಾ ಅಣೆಕಟ್ಟಿನಲ್ಲಿ ಮೊದಲು 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105 ಟಿಎಂಸಿ. ಉಳಿದ ಜಾಗದಲ್ಲಿ ಎಷ್ಟು ಮಣ್ಣಿದೆ, ನಮ್ಮ ಕಾಲುವೆಯ ಒಂದು ಬಾಟಲಿ ನೀರಿನಲ್ಲಿ ಎಷ್ಟು ಹೂಳು ಕೂರುತ್ತದೆ? 2024ರ ಆಗಸ್ಟ್‌ನಲ್ಲಿ ಅದರ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಗೇಟು ಎತ್ತುವ ಚೈನಿನ ಮೇಲೆ ಎಷ್ಟು ಭಾರ ಬೀಳುತ್ತದೆ ಅನ್ನುವುದನ್ನು ರಾಟೆ, ದಾರ, ಕಲ್ಲು ಇಟ್ಟು ಮಾಡಿ ನೋಡಬಹುದು.

ಮೊದಲ ಕೆಲಸವಾಗಿ ನಾನು ಎಲ್ಲರಿಗೂ ಹೇಳುವುದು ಸವಳು ಮಣ್ಣು. ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಕಾಲುವೆ ಕೊನೆಯ ಹೊಲಗಳಲ್ಲಿ ಬಿಳಿ ಉಪ್ಪು ಮೇಲೆ ಬಂದಿರುವುದನ್ನು ಮಕ್ಕಳು ನೋಡಿಯೇ ಇರುತ್ತಾರೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದರ ಮೇಲೇ ಸಂಶೋಧನೆ ನಡೆಯುತ್ತದೆ, ಅಂದರೆ ಕೇಳಿ ತಿಳಿಯಲು ಜನ ಹತ್ತಿರದಲ್ಲೇ ಇದ್ದಾರೆ. ಮಾಡುವುದು ಹೀಗೆ:

- ನಾಲ್ಕು ಬಾಟಲಿಯಲ್ಲಿ ಒಂದೊಂದು ಲೀಟರ್ ಒಳ್ಳೆಯ ನೀರು. ಒಂದಕ್ಕೆ ಉಪ್ಪು ಇಲ್ಲ, ಉಳಿದವಕ್ಕೆ 3, 6, 9 ಗ್ರಾಂ. ಕಿರಾಣಿ ಅಂಗಡಿಯ ಸಣ್ಣ ಡಿಜಿಟಲ್ ತಕ್ಕಡಿ ಸಾಕು.
- ನಾಲ್ಕು ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ, ಒಂದೊಂದರಲ್ಲಿ 25 ಜೋಳದ ಕಾಳು. ಇನ್ನು ನಾಲ್ಕರಲ್ಲಿ ಭತ್ತ. ಔಷಧಿ ಹಚ್ಚಿದ ಬೀಜ ಬೇಡ, ಅದು ವಿಷ.
- ಆಯಾ ತಟ್ಟೆಗೆ ಆಯಾ ನೀರನ್ನೇ ಹಾಕುತ್ತಾ, ದಿನಾ ಒಂದೇ ಹೊತ್ತಿಗೆ ಎಷ್ಟು ಮೊಳಕೆ ಬಂತು ಎಣಿಸಿ ಬರೆಯಿರಿ. ಹತ್ತು ದಿನ.
- ಜೊತೆಗೆ ಊರಿನ ಐದು ಹೊಲದ ಮಣ್ಣು ತಂದು ಕೃಷಿ ವಿಜ್ಞಾನ ಕೇಂದ್ರದಲ್ಲಿ ಇಸಿ ಮತ್ತು ಪಿಹೆಚ್ ಅಳೆಸಿ. ಇಸಿ ಅಂದರೆ ಮಣ್ಣು ಕಲಸಿದ ನೀರಿನಲ್ಲಿ ಕರೆಂಟ್ ಎಷ್ಟು ಸುಲಭವಾಗಿ ಹರಿಯುತ್ತದೆ ಅನ್ನುವ ಅಳತೆ. ಉಪ್ಪು ಹೆಚ್ಚಿದ್ದಷ್ಟೂ ಇಸಿ ಹೆಚ್ಚು. ಪಿಹೆಚ್ ಅಂದರೆ ಹುಳಿಯೋ ಕ್ಷಾರವೋ ಅನ್ನುವ ಅಳತೆ, 7 ಮಧ್ಯದ್ದು.

ಉಪ್ಪಿಲ್ಲದ ತಟ್ಟೆ ಯಾಕೆ ಬೇಕು ಅಂತ ಮಕ್ಕಳೇ ಕೇಳುತ್ತಾರೆ. ಹೇಳಿಬಿಡಬೇಡಿ. ಅದನ್ನು ಬಿಟ್ಟು ಉಳಿದ ಮೂರನ್ನಷ್ಟೇ ನೋಡಿದರೆ ಏನು ಗೊತ್ತಾಗುತ್ತೆ ಅಂತ ವಾಪಸ್ ಕೇಳಿ. ಒಂದು ಶನಿವಾರ ಅದಕ್ಕೇ ಹೋದರೂ ಪರವಾಗಿಲ್ಲ, ಪ್ರಯೋಗ ಅಂದರೆ ಏನು ಅನ್ನುವುದು ಅಲ್ಲಿ ತಿಳಿಯುತ್ತದೆ. ಫಲಿತಾಂಶವನ್ನು ಆ ಹೊಲದ ರೈತರಿಗೆ ಮಕ್ಕಳೇ ಹೋಗಿ ಹೇಳಲಿ.

ಕರೆಂಟಿನ ಕೆಲಸಕ್ಕೆ ಮಕ್ಕಳ ಕೈಗೆ ಟಾರ್ಚ್ ಸೆಲ್ ಮಾತ್ರ. ಬೋರಿನ ತ್ರೀಫೇಸ್ ಸ್ಟಾರ್ಟರ್ ಡಬ್ಬಿ ತೆರೆದು ತೋರಿಸುವುದು ಬೇಡವೇ ಬೇಡ. ವೈಂಡಿಂಗ್ ಅಂಗಡಿಯಲ್ಲಿ ಲೈನಿಗೆ ಜೋಡಿಸದ ಮೋಟರ್ ಬಿಚ್ಚಿ ನೋಡಿದರೆ ಸಾಕು.

5. ಕೂಟದೊಳಗೆ ಸ್ಕ್ರೂಡ್ರೈವರ್ ಯಾರ ಕೈಯಲ್ಲಿದೆ ನೋಡುತ್ತಿರಿ

ಹುಡುಗರು ಹುಡುಗಿಯರು ಇಬ್ಬರೂ ಇರುವ ಗುಂಪಿನಲ್ಲಿ ಹುಡುಗರು ಜೋಡಿಸುತ್ತಾರೆ, ಹುಡುಗಿಯರು ಅಂದವಾಗಿ ಬರೆಯುತ್ತಾರೆ. ಯಾರೂ ಹೇಳಿಕೊಡದಿದ್ದರೂ ಹಾಗೇ ಆಗುತ್ತದೆ. ಇದನ್ನು ಮುರಿಯಲು ನಾಲ್ಕು ಜನರ ಗುಂಪು ಮಾಡಿ ನಾಲ್ಕು ಕೆಲಸ ಹಂಚಿ: ಅಳೆಯುವವರು, ಜೋಡಿಸುವವರು, ಬರೆಯುವವರು, ಎಲ್ಲರ ಮುಂದೆ ಹೇಳುವವರು. ಪ್ರತಿ ಕೂಟಕ್ಕೂ ಕೆಲಸ ಬದಲಾಗಬೇಕು. ಯಾರು ಏನು ಮಾಡಿದರು ಅಂತ ಆ ದಪ್ಪ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೂರು ತಿಂಗಳ ನಂತರ ಪುಟ ತಿರುವಿದರೆ ಯಾರಿಗೆ ಅನ್ಯಾಯವಾಗಿದೆ ಕಣ್ಣಿಗೆ ಕಾಣುತ್ತದೆ. ಮೊದಲ ತಿಂಗಳು ಹೆಣ್ಣುಮಕ್ಕಳದ್ದೇ ಬೇರೆ ಗುಂಪು ಮಾಡುವುದೂ ಒಳ್ಳೆಯದು, ಕೈ ಪಳಗಿದ ಮೇಲೆ ಬೆರೆಸಿ.

ಕಾಲೇಜಿನ ಸ್ವಯಂಸೇವಕರಿಗೆ ಒಂದೇ ಮಾತು ಹೇಳಿ. ಮಗುವಿನ ಕೈಯಿಂದ ಕಿತ್ತುಕೊಂಡು ತಾವೇ ಮಾಡಿಕೊಡಬಾರದು. ಎಷ್ಟು ಹೊತ್ತಾದರೂ ಆಗಲಿ.

ಇನ್ನು ಭಾಷೆ. ನಮ್ಮ ಮಕ್ಕಳು ಪಿಯುಸಿ ಸೈನ್ಸಿಗೆ ಹೋಗಿ ಮೊದಲ ಮೂರು ತಿಂಗಳಲ್ಲೇ ಬಿಟ್ಟು ಆರ್ಟ್ಸಿಗೆ ಬರುವುದಕ್ಕೆ ದೊಡ್ಡ ಕಾರಣ ಬುದ್ಧಿ ಕಡಿಮೆ ಅನ್ನುವುದಲ್ಲ, ಅಲ್ಲಿವರೆಗೆ ಕನ್ನಡದಲ್ಲಿ ಕಲಿತದ್ದೆಲ್ಲ ಒಮ್ಮೆಲೇ ಇಂಗ್ಲಿಷಿನಲ್ಲಿ ಬರುವುದು. ಕೂಟದಲ್ಲಿ ಮಾತೆಲ್ಲ ಕನ್ನಡದಲ್ಲೇ ಇರಲಿ, ತೆಲುಗು, ಉರ್ದು, ಲಂಬಾಣಿ ಮನೆಮಾತಿನ ಮಕ್ಕಳು ತಮ್ಮೊಳಗೆ ಅದರಲ್ಲೇ ಮಾತಾಡಿಕೊಳ್ಳಲಿ. ಆದರೆ ಪ್ರತಿ ಮಗುವಿಗೂ ಒಂದು ಪದಗಳ ನೋಟ್‌ಬುಕ್ ಇರಬೇಕು. ಎಡಕ್ಕೆ "ವೇಗೋತ್ಕರ್ಷ", ಬಲಕ್ಕೆ "ಆಕ್ಸಿಲರೇಶನ್", ಅದನ್ನು ಇಂಗ್ಲಿಷ್ ಅಕ್ಷರದಲ್ಲೂ ಬರೆಸಿ. ಕೂಟಕ್ಕೆ ಐದು ಪದ ಸಾಕು. 8ನೇ ತರಗತಿಯಿಂದ ಶುರು ಮಾಡಿದರೆ ಹತ್ತು ಮುಗಿಯುವಷ್ಟರಲ್ಲಿ ಹೆದರಿಕೆ ಹೋಗಿರುತ್ತದೆ.

6. ದುಡ್ಡು

ಮಕ್ಕಳಿಂದ ಒಂದು ರೂಪಾಯಿ ತೆಗೆದುಕೊಳ್ಳಬೇಡಿ. ಹತ್ತು ರೂಪಾಯಿ ಅಂದರೂ ಯಾರು ಬರಬೇಕೋ ಅವರೇ ಬರುವುದಿಲ್ಲ. ಮೊದಲ ವರ್ಷದ ಖರ್ಚು ಎಸ್‌ಡಿಎಂಸಿ, ಹಳೆಯ ವಿದ್ಯಾರ್ಥಿಗಳು ಸೇರಿದರೆ ನಡೆಯುತ್ತದೆ. ಸಿಎಸ್ಆರ್ ಕೇಳುವುದು ಎರಡನೇ ವರ್ಷಕ್ಕೆ. ಸಿಎಸ್ಆರ್ ಅಂದರೆ ದೊಡ್ಡ ಕಂಪನಿಗಳು 2013ರ ಕಂಪನಿ ಕಾಯ್ದೆ ಪ್ರಕಾರ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡುವುದು. ತಾವಿರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತಲೂ ಅದೇ ಕಾಯ್ದೆಯಲ್ಲಿದೆ. ಕೇಳುವಾಗ ಬರೀ ಕಿಟ್ ಕೇಳಬೇಡಿ. ಬಸ್ ಖರ್ಚು, ತಿಂಡಿ, ಮೇಷ್ಟ್ರ ಕೂಲಿ, ರಿಪೇರಿ, ಇವನ್ನೂ ಬರೆದು ಕೇಳಿ.

ಹತ್ತಿರದ ಯಾವ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ ವಿಚಾರಿಸಿ. ಕೇಂದ್ರ ಸರ್ಕಾರ ಒಂದೊಂದಕ್ಕೆ 20 ಲಕ್ಷ ರೂಪಾಯಿವರೆಗೆ ಕೊಟ್ಟು ಮಾಡಿಸಿದ ಪ್ರಯೋಗಾಲಯ ಅದು. ಪಕ್ಕದ ಶಾಲೆಯ ಮಕ್ಕಳನ್ನೂ ಕರೆಯಬೇಕು ಅನ್ನುವುದು ಅದರ ಉದ್ದೇಶದಲ್ಲೇ ಇದೆ. ಸಂಕೋಚ ಇಲ್ಲದೆ ಕೇಳಿ.

7. ಮುಂದಿನ ಬಾಗಿಲು ತೋರಿಸಿ, ಕಾಗದಪತ್ರ ಮಾಡಿಸಿಕೊಡಿ

ಕೂಟದಿಂದ ಹೊರಟ ಮಗು ಎಲ್ಲಿಗೆ ಹೋಗಬೇಕು ಅನ್ನುವುದು ಮೊದಲೇ ಗೊತ್ತಿರಲಿ. ಇನ್‌ಸ್ಪೈರ್ ಮಾನಕ್ ಅನ್ನುವ ಕೇಂದ್ರದ ಯೋಜನೆಗೆ ಮಕ್ಕಳ ಹೊಸ ಐಡಿಯಾಗಳನ್ನು ಶಾಲೆಯೇ ಆನ್‌ಲೈನ್‌ನಲ್ಲಿ ಕಳಿಸಬೇಕು, ಆಯ್ಕೆಯಾದರೆ ಮಾದರಿ ಮಾಡಲು ಮಗುವಿನ ಬ್ಯಾಂಕ್ ಖಾತೆಗೆ 10,000 ರೂಪಾಯಿ. ಯೂಟ್ಯೂಬಿನಲ್ಲಿ ಇರುವುದನ್ನೇ ಶಿಕ್ಷಕರು ಬರೆದು ಕಳಿಸುತ್ತಾರೆ, ಅದು ಅಲ್ಲೇ ಬಿದ್ದುಹೋಗುತ್ತದೆ. ಮಕ್ಕಳ ವಿಜ್ಞಾನ ಸಮಾವೇಶಕ್ಕೆ 10ರಿಂದ 17 ವಯಸ್ಸಿನವರು ಇಬ್ಬರಿಬ್ಬರ ತಂಡವಾಗಿ ಊರಿನ ಸಮಸ್ಯೆ ಮೇಲೆ ಯೋಜನೆ ಮಾಡುತ್ತಾರೆ. ನಿಮ್ಮ ಸವಳು ಮಣ್ಣಿನ ಕೆಲಸ ಅದಕ್ಕೆ ಹೇಳಿ ಮಾಡಿಸಿದ್ದು. ನಮ್ಮಲ್ಲಿ ಅದರ ಬಗ್ಗೆ ವಿಚಾರಿಸಲು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಜಿಲ್ಲಾ ಸಮಿತಿಯವರನ್ನು ಕಾಣಿ. ವಿಜ್ಞಾನ ಜ್ಯೋತಿ ಅನ್ನುವುದು 9ರಿಂದ 12ನೇ ತರಗತಿಯ ಹೆಣ್ಣುಮಕ್ಕಳಿಗಾಗಿಯೇ ಇರುವ ಕೇಂದ್ರದ ಯೋಜನೆ, ನವೋದಯ ಶಾಲೆಗಳ ಮೂಲಕ ನಡೆಯುತ್ತದೆ. ಮುದಗಲ್ಲಿನ ಅಥವಾ ಕುಕನೂರಿನ ನವೋದಯದಲ್ಲಿ ಹೋಗಿ ವಿಚಾರಿಸಿ.

8ನೇ ತರಗತಿಯವರಿಗೆ ಎನ್ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ ಬರೆಸಿ. ಪಾಸಾಗಿ ಆಯ್ಕೆಯಾದರೆ 9ರಿಂದ 12ರವರೆಗೆ ವರ್ಷಕ್ಕೆ 12,000 ರೂಪಾಯಿ. "ಓದು ಸಾಕು" ಅನ್ನುವ ಮನೆಯಲ್ಲಿ ಈ ದುಡ್ಡು ಮಾತಾಡುತ್ತದೆ.

ಹತ್ತನೇ ತರಗತಿಯವರ ಕಾಗದಪತ್ರದ ವಿಷಯ ಎಷ್ಟು ಸಲ ಹೇಳಿದರೂ ಸಾಲದು. ಸಿಇಟಿಯಲ್ಲಿ 1ರಿಂದ 10 ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಇವೆರಡಕ್ಕೂ ಓದಿದ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಬೇಕು, ಗ್ರಾಮೀಣದ್ದಕ್ಕೆ ಬಿಇಒ ಮೇಲುಸಹಿಯೂ ಬೇಕು. ನಮ್ಮ ಜಿಲ್ಲೆಗಳೂ ಸೇರಿದ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371 (ಜೆ) ವಿಧಿಯಡಿ ಸಿಗುವ ಮೀಸಲಾತಿಗೆ ಸಹಾಯಕ ಆಯುಕ್ತರ ಕಚೇರಿಯ ಪ್ರಮಾಣಪತ್ರ ಬೇರೆ. ಇವನ್ನು ಹತ್ತು ಮುಗಿದ ಬೇಸಿಗೆಯಲ್ಲೇ ಮಾಡಿಸಿಡಿ. ನಾಲ್ಕು ಶಾಲೆ ಬದಲಾಯಿಸಿದ, ಗುಳೆ ಹೋಗಿ ಬಂದ ಮಕ್ಕಳಿಗೆ ಪ್ರತಿ ಶಾಲೆಯಿಂದ ಸಹಿ ತರಿಸಲು ತಿಂಗಳುಗಳೇ ಬೇಕು. ಕಾಲೇಜಿನ ಸ್ವಯಂಸೇವಕರಿಗೆ ಇದರ ಅನುಭವ ಇರುತ್ತದೆ, ಈ ಕೆಲಸ ಅವರಿಗೇ ವಹಿಸಿ.

ಪಿಯುಸಿ ಒಂದೇ ದಾರಿ ಅಂತಲೂ ಹೇಳಬೇಡಿ. ಹತ್ತಿರದ ಪಿಯು ಕಾಲೇಜಿನಲ್ಲಿ ಸೈನ್ಸ್ ಇಲ್ಲದಿದ್ದರೆ ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿ, ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಸೇರಬಹುದು.

8. ನೀವು ಇಲ್ಲದಿದ್ದರೂ ನಡೆಯುವಂತೆ ಮಾಡಿ

ಶಿಕ್ಷಕರಿಗೆ ವರ್ಗಾವಣೆ ಆಗುತ್ತದೆ, ಬಿಇ ಮುಗಿಸಿದವರು ಊರು ಬಿಡುತ್ತಾರೆ. ಹಾಗಾಗಿ ಪ್ರತಿ ಕೆಲಸಕ್ಕೂ ಇಬ್ಬರಿರಲಿ. ಕಾಲೇಜಿನಿಂದ ಬರುವವರಲ್ಲಿ ಒಬ್ಬರು ಮೂರನೇ ವರ್ಷದವರಾದರೆ ಇನ್ನೊಬ್ಬರು ಎರಡನೇ ವರ್ಷದವರಿರಲಿ. 9ನೇ ತರಗತಿಯ ಮಕ್ಕಳಿಗೆ 8ನೆಯವರಿಗೆ ಹೇಳಿಕೊಡುವ ಒಂದು ಕೂಟ ತಿಂಗಳಿಗೊಮ್ಮೆ ಬಿಟ್ಟುಕೊಡಿ. ಫೆಬ್ರವರಿ ಮುಗಿಯುವುದರೊಳಗೆ, ಅಂದರೆ ಪರೀಕ್ಷೆಯ ಗಡಿಬಿಡಿಗೆ ಮುಂಚೆ, ಸಾಮಾನಿನ ಪಟ್ಟಿ, ನೋಟ್‌ಬುಕ್, ಜೊತೆಗಾರರ ಹೆಸರು ಮತ್ತು ನಂಬರ್, ಮುಂದಿನ ಜೂನ್‌ನ ಮೊದಲ ಎರಡು ಕೂಟದ ತಾರೀಕು ಎಲ್ಲವನ್ನೂ ಬರೆದು ಎಸ್‌ಡಿಎಂಸಿ ಸಭೆಯಲ್ಲಿ ಓದಿ, ನಡಾವಳಿ ಪುಸ್ತಕದಲ್ಲಿ ದಾಖಲು ಮಾಡಿಸಿ. ಬೀರುವಿನ ಬೀಗದ ಕೈ ಎರಡು ಮಾಡಿಸಿ, ಒಂದು ಶಾಲೆಯಲ್ಲಿರಲಿ, ಇನ್ನೊಂದು ಎಸ್‌ಡಿಎಂಸಿಯ ಒಬ್ಬ ತಾಯಿಯ ಹತ್ತಿರ.